ಗೂನುಬೆನ್ನಿನ ಮೀನಿಗೆ ಹೆಸರು ಸಿಕ್ಕ ಕಥೆ

"ತಾತ, ಇವನ್ನು ಕೆರೆಗೆ ಬಿಟ್ಟುಬಿಡೋಣ. ಪಾಪ, ಆರಾಮಾಗಿ ಈಜಾಡಿಕೊಂಡಿರಲಿ!"

ಬೇಸಿಗೆ ರಜೆಗೆ ಊರಿಗೆ ಹೊರಡುವ ಹಿಂದಿನ ದಿನ ಮೊಮ್ಮಗಳು ಗಾಜಿನ ತೊಟ್ಟಿಯ ನಾಲ್ಕು ಮೀನುಗಳನ್ನು ಡಬ್ಬಿಗೆ ತುಂಬಿಕೊಂಡು ನಿಂತಿದ್ದಳು. ನಮ್ಮ ಮನೆಯಿಂದ ಯಡಿಯೂರು ಕೆರೆ ಐದೇ ನಿಮಿಷದ ದಾರಿ. "ಬೇಡ ಪುಟ್ಟಿ" ಎಂದೆ. ಮುಖ ಊದಿಸಿಕೊಂಡಳು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ ಕಥೆಯನ್ನೇ ನಿಮಗೂ ಹೇಳುತ್ತೇನೆ, ಮಕ್ಕಳೇ.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಜೊತೆ ಮುತ್ತತ್ತಿಗೆ ಹೋಗಿದ್ದೆ. ಕಾವೇರಿಯ ಮಡುವಿನಲ್ಲಿ ನನ್ನಷ್ಟೇ ಉದ್ದದ ಮೀನೊಂದು ಹೊರಳಿತು. ಬೆನ್ನು ಗೂನು, ರೆಕ್ಕೆ ಕಿತ್ತಳೆ ಬಣ್ಣ. ಅದು ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬುವರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು!

ಮುಂದೆ ನದಿಯಲ್ಲಿ ಮಹಶೀರ್ ಕಡಿಮೆಯಾಗುತ್ತಿದೆ ಎಂದು ಮರಿಗಳನ್ನು ತಂದು ಬಿಟ್ಟರು. ಉದ್ದೇಶ ಒಳ್ಳೆಯದೇ. ಆದರೆ ಮಹಾರಾಷ್ಟ್ರದ ಲೋಣಾವಳದಲ್ಲಿ ಮರಿ ಮಾಡಿಸುತ್ತಿದ್ದದ್ದು ಬೇರೆ ಜಾತಿ, ನೀಲಿ ರೆಕ್ಕೆಯ ಮಹಶೀರ್. ಅದು ಕಾವೇರಿಯಲ್ಲಿ ಚೆನ್ನಾಗಿ ಹೆಚ್ಚಿತು. ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕ ನೋಡಿದರೆ ನೀಲಿ ರೆಕ್ಕೆಯದು ಏರುತ್ತಾ ಹೋಗಿದೆ, ನಮ್ಮ ಗೂನುಬೆನ್ನಿನದು ಇಳಿಯುತ್ತಾ ಹೋಗಿದೆ. ಎರಡನ್ನೂ 'ಮಹಶೀರ್' ಎಂದೇ ಕರೆಯುತ್ತಿದ್ದುದರಿಂದ ಒಂದು ಕರಗುತ್ತಿರುವುದು ಯಾರ ಕಣ್ಣಿಗೂ ಸರಿಯಾಗಿ ಬೀಳಲಿಲ್ಲ.

"ಬಣ್ಣ ನೋಡಿದರೆ ಗೊತ್ತಾಗಲ್ವಾ ತಾತ?"

ಬಣ್ಣ, ಆಕಾರ ವಯಸ್ಸಿನೊಂದಿಗೆ, ನೀರಿನೊಂದಿಗೆ ಬದಲಾಗಬಹುದು. ಅದಕ್ಕೇ ವಿಜ್ಞಾನಿಗಳು ಡಿಎನ್‌ಎ ಓದುತ್ತಾರೆ. ಅಜ್ಜಿಯ ಸಾರಿನಪುಡಿ ಲೆಕ್ಕವನ್ನು ಅಮ್ಮ ನಕಲು ಮಾಡಿಕೊಳ್ಳುತ್ತಾಳೆ, ಅದನ್ನು ಮಗಳು. ಒಬ್ಬಳು ಎಲ್ಲೋ 'ಒಂದು ಚಮಚ' ಎನ್ನುವುದನ್ನು 'ಎರಡು ಚಮಚ' ಎಂದು ಬರೆದರೆ ಆ ತಪ್ಪು ಅವಳ ಮಕ್ಕಳು, ಮೊಮ್ಮಕ್ಕಳ ಪುಸ್ತಕಕ್ಕೂ ಬರುತ್ತದೆ. ಅಂಥ ತಪ್ಪುಗಳನ್ನು ಹೋಲಿಸಿದರೆ ಯಾವ ಪುಸ್ತಕ ಯಾವ ಮನೆಯದು ಎಂದು ಹೇಳಬಹುದಲ್ಲವೇ? ಡಿಎನ್‌ಎ ಕೂಡ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಬರಹ. ಜೀವಕೋಶದೊಳಗಿನ ಮೈಟೋಕಾಂಡ್ರಿಯದಲ್ಲಿರುವ ಭಾಗವಂತೂ ತಾಯಿಯಿಂದಲೇ ಬರುತ್ತದೆ. ಅದರಲ್ಲಿ ಸುಮಾರು 650 ಅಕ್ಷರಗಳ ಒಂದು ತುಣುಕು ಓದಿದರೆ ಸಾಕು, ಎಷ್ಟೋ ಪ್ರಾಣಿಗಳ ಜಾತಿ ತಿಳಿಯುತ್ತದೆ. ಮೀನನ್ನು ಕೊಲ್ಲಬೇಕಾಗಿಯೂ ಇಲ್ಲ. ರೆಕ್ಕೆಯ ಅಂಚಿನಿಂದ ಉಗುರಿನಷ್ಟು ಕತ್ತರಿಸಿಕೊಂಡು ಮತ್ತೆ ನೀರಿಗೆ ಬಿಡಬಹುದು.

ಬ್ರಿಟನ್ನಿನ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ಸಂಗಡಿಗರು ಕಾವೇರಿ ಕಣಿವೆಯದೇ ಆದ ಮೋಯಾರ್ ನದಿಯಲ್ಲಿ ಗೂನುಬೆನ್ನಿನ ಮೀನನ್ನು ಹುಡುಕಿ, ಆಕಾರವನ್ನೂ ಡಿಎನ್‌ಎಯನ್ನೂ ಪರೀಕ್ಷಿಸಿದರು. ಅದು ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ವರ್ಣಿಸಲಾಗಿದ್ದ 'ಟಾರ್ ರೆಮಾದೇವಿ'ಯೊಂದಿಗೆ ಹೊಂದಿತು. ಪಾಂಬಾರ್ ನೀರೂ ಅಮರಾವತಿಯ ಮೂಲಕ ಕಾವೇರಿಗೇ ಸೇರುತ್ತದೆ! ಮೀನು ವಿಜ್ಞಾನಿ ಕೆ. ರೆಮಾದೇವಿ ಅವರ ಗೌರವಾರ್ಥ ಇಟ್ಟ ಹೆಸರದು.

ಈ ಫಲಿತಾಂಶ ಪ್ರಕಟವಾದದ್ದು 2018ರಲ್ಲಿ. ಸರಿಯಾದ ಹೆಸರಿಲ್ಲದ ಜೀವಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸುವುದು ಹೇಗೆ? ಹೆಸರು ಸಿಕ್ಕ ಅದೇ ವರ್ಷ ಐಯುಸಿಎನ್ ಸಂಸ್ಥೆ ಇದನ್ನು 'ತೀವ್ರ ಅಪಾಯದಲ್ಲಿರುವ' ಜೀವಿ ಎಂದು ಸಾರಿತು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದು ಹಾಕಿ ಮೀನು ಹಿಡಿಯುವುದು ಇವೂ ಅದಕ್ಕೆ ಶತ್ರುಗಳೇ. ಲೋಕದಲ್ಲಿ ಕಾವೇರಿ ಮತ್ತು ಅದರ ಉಪನದಿಗಳು ಬಿಟ್ಟರೆ ಅದಕ್ಕೆ ಬೇರೆ ಮನೆಯಿಲ್ಲ.

"ಕಾವೇರಿ ಅಂದರೆ ನಮ್ಮ ನಲ್ಲೀಲಿ ಬರೋದಾ?"

"ಹೌದು ಪುಟ್ಟಿ, ಅದೇ ನೀರು."

ಸ್ವಲ್ಪ ಹೊತ್ತು ಸುಮ್ಮನಿದ್ದವಳು ಡಬ್ಬಿಯ ಮುಚ್ಚಳ ಭದ್ರ ಮಾಡಿದಳು. "ಹಾಗಾದರೆ ಇವು ಕೆರೆಗೆ ಬೇಡ. ಪಕ್ಕದ ಮನೆ ಆಂಟಿ ನೋಡ್ಕೋತಾರಾ, ಕೇಳೋಣ."

ಆಂಟಿ ಒಪ್ಪಿದರು. ರಜೆ ಮುಗಿಸಿ ಬಂದಾಗ ನಾಲ್ಕೂ ಮೀನು ಗಟ್ಟಿಮುಟ್ಟಾಗಿದ್ದವು. ಈಗ ಅವಳ ಹಟ ಒಂದೇ: ಮುತ್ತತ್ತಿಗೆ ಕರೆದುಕೊಂಡು ಹೋಗಬೇಕಂತೆ. ಹೋಗುತ್ತೇವೆ. ಆ ಕಿತ್ತಳೆ ರೆಕ್ಕೆ ಅವಳ ಕಣ್ಣಿಗೂ ಒಮ್ಮೆ ಬೀಳಲಿ ಎಂಬುದೇ ಈ ಮುದುಕನ ಆಸೆ.