ಶಿಶುನಾಳ ಶರೀಫರ ಪದಗಳು: ಅಂಕಿತ ಮತ್ತು ಶಮನ

ನಮ್ಮ ತತ್ತ್ವಪದಕಾರರಲ್ಲಿ ಶಿಶುನಾಳ ಶರೀಫರ (1819-1889) ಸ್ಥಾನ ವಿಶಿಷ್ಟವಾದುದು. ಗಾನವು ಪದಕಾರನ ವ್ಯಕ್ತಿತ್ವವನ್ನು ಹೇಗೆ ರೂಪಿಸುತ್ತದೆ, ಅವನ ಅಂತರಂಗದ ವ್ಯಥೆಯನ್ನು ಹೇಗೆ ಶಮನಗೊಳಿಸುತ್ತದೆ ಎಂಬ ವಿಷಯವನ್ನು ಅವರ ಪದಗಳ ಆಧಾರದಿಂದ ಇಲ್ಲಿ ಸಂಕ್ಷೇಪವಾಗಿ ವಿವೇಚಿಸಬಹುದು.

ಶರೀಫರು ಇಂದಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದಲ್ಲಿ ಇಮಾಮ ಸಾಹೇಬರ ಮಗನಾಗಿ ಜನಿಸಿದರು. ಕೆಲಕಾಲ ಶಾಲಾಶಿಕ್ಷಕರಾಗಿದ್ದು, ಆ ವೃತ್ತಿಯನ್ನು ತೊರೆದರು. ಕಳಸದ ಗೋವಿಂದಭಟ್ಟರು ಅವರಿಗೆ ಗುರುವಾದರು. ಪತ್ನಿ ಫಾತಿಮಾ ಅಕಾಲದಲ್ಲಿ ತೀರಿಕೊಂಡರೆಂದೂ ಮಗಳೂ ಉಳಿಯಲಿಲ್ಲವೆಂದೂ ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಹುಟ್ಟಿದ ಸಮಾಜ ಒಂದು, ಗುರು ದೊರೆತ ಕುಲ ಮತ್ತೊಂದು, ಸಂಸಾರವೂ ಕೈಬಿಟ್ಟಿತು. ‘ನಾನು ಯಾರು’ ಎಂಬುದು ಇಂತಹ ಸ್ಥಿತಿಯಲ್ಲಿ ಬಾಳಿನ ಪ್ರಶ್ನೆಯೇ ಆಗುತ್ತದೆ.

ಆ ಪ್ರಶ್ನೆಗೆ ಶರೀಫರು ಕೊಟ್ಟ ಉತ್ತರವನ್ನು ಅವರ ಅಂಕಿತದಲ್ಲಿ ಕಾಣಬಹುದು. ವಚನಕಾರರು ಬಹುಮಟ್ಟಿಗೆ ಇಷ್ಟದೈವದ ಹೆಸರನ್ನೇ ಅಂಕಿತವಾಗಿ ಇರಿಸಿಕೊಂಡರು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. ಶರೀಫರೂ ಅದೇ ಹಾದಿಯಲ್ಲಿ ನಡೆದು ತಮ್ಮೂರಿನ ಬಸವಣ್ಣನನ್ನು ‘ಶಿಶುನಾಳಧೀಶ’ನೆಂದು ಪದಗಳಲ್ಲಿ ನೆಲೆಗೊಳಿಸಿದರು. ಎಷ್ಟೋ ಪದಗಳಲ್ಲಿ ಗುರು ಗೋವಿಂದನ ಸ್ಮರಣೆಯೂ ಸೇರುತ್ತದೆ. ಹೀಗೆ ಊರು, ದೈವ, ಗುರು ಎಂಬ ಮೂರರಿಂದ ಅವರ ಗುರುತು ಸಿದ್ಧವಾಯಿತು. ಜಾತಿಭೇದಕ್ಕೆ ಅದರಲ್ಲಿ ಎಡೆಯಿಲ್ಲ. ಇಂದು ನಾಡಿನ ಜನ ಅವರನ್ನು ಊರ ಹೆಸರು ಸೇರಿಸಿಯೇ ಕರೆಯುತ್ತಾರೆ.

ವಚನಕ್ಕೂ ತತ್ತ್ವಪದಕ್ಕೂ ಇರುವ ಒಂದು ಭೇದವನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು. ವಚನವನ್ನು ಹಾಡಬಹುದಾದರೂ ಅದರ ರಚನೆ ತಾಳಕ್ಕೆ ಅಧೀನವಲ್ಲ. ತತ್ತ್ವಪದವಾದರೋ, ಸ್ವರವಚನದಂತೆ, ಪಲ್ಲವಿ ಮತ್ತು ನುಡಿಗಳಿಂದ ಕೂಡಿ ತಾಳಕ್ಕೆ ಹೊಂದಿಕೊಂಡೇ ಹುಟ್ಟುತ್ತದೆ. ಪ್ರತಿಯೊಂದು ನುಡಿ ಮುಗಿದೊಡನೆ ಪಲ್ಲವಿ ಮರಳುತ್ತದೆ. ಸೋರುವ ಮಾಳಿಗೆಯನ್ನು ಕುರಿತ ಪ್ರಸಿದ್ಧ ಪದವನ್ನೇ ತೆಗೆದುಕೊಳ್ಳೋಣ. ಅಜ್ಞಾನದ ಸೂಚನೆ ಪಲ್ಲವಿಯಲ್ಲೇ ಇದ್ದರೂ ಮೊದಲು ಕೇಳಿದಾಗ ಕಣ್ಣ ಮುಂದೆ ನಿಲ್ಲುವುದು ಬಡವನ ಮನೆ. ನುಡಿಗಳನ್ನು ದಾಟಿ ಅದೇ ಪಲ್ಲವಿ ಮತ್ತೆ ಬಂದಾಗ ಆ ಮನೆ ನಮ್ಮ ದೇಹ-ಮನಸ್ಸುಗಳೇ ಆಗಿರುತ್ತದೆ. ಮಾತು ಅದೇ, ಮಟ್ಟು ಅದೇ, ಅರ್ಥ ಬೆಳೆದಿರುತ್ತದೆ. ದುಃಖವೂ ಮನಸ್ಸಿಗೆ ಮರಳಿ ಮರಳಿ ಬರುವಂಥದು. ಒಂಟಿಯಾಗಿ ಕೊರಗುವವನಿಗೆ ಅದು ಬಂದ ರೂಪದಲ್ಲೇ ಬರುತ್ತದೆ. ಹಾಡುವವನಿಗೆ ತಾಳದ ಹಿಡಿತಕ್ಕೊಳಪಟ್ಟು, ಬೇರೊಂದು ಅರ್ಥವನ್ನು ಜೊತೆಗೂಡಿಸಿಕೊಂಡು ಬರುತ್ತದೆ.

ಇದಲ್ಲದೆ, ಈ ಪದಗಳು ಬಾಯಿಂದ ಬಾಯಿಗೆ ಹರಿದು ಭಜನೆಯ ಮೇಳಗಳಲ್ಲಿ ಉಳಿದುಬಂದವು. ಒಬ್ಬನು ನುಡಿಯನ್ನು ಹಾಡಿದರೆ ಉಳಿದವರು ಪಲ್ಲವಿಯನ್ನು ಎತ್ತಿಕೊಳ್ಳುತ್ತಾರೆ. ಪದಕಾರನೊಬ್ಬನ ವ್ಯಥೆ ಹತ್ತು ಕೊರಳುಗಳಿಗೆ ಹಂಚಿಹೋಗುತ್ತದೆ. ಹಾಡುವವರಲ್ಲಿಯೂ ಒಬ್ಬೊಬ್ಬರಿಗೆ ಒಂದೊಂದು ಕೊರತೆಯಿರುವುದರಿಂದ ಪಲ್ಲವಿ ಎಲ್ಲರದೂ ಆಗುತ್ತದೆ.

ಆದರೆ ಪ್ರತಿಯೊಂದು ಪದವನ್ನೂ ಕವಿಯ ದಿನಚರಿಯಂತೆ ಓದುವುದು ಉಚಿತವಲ್ಲ. ಕಾಲನಿರ್ದೇಶವಿಲ್ಲದೆ ಕಂಠಸ್ಥವಾಗಿ ಬಂದ ಪದವನ್ನು ಪತ್ನಿವಿಯೋಗಕ್ಕೋ ಬಡತನಕ್ಕೋ ಕಟ್ಟಿಹಾಕಿದರೆ ಅದರ ವ್ಯಾಪ್ತಿ ಕುಗ್ಗುತ್ತದೆ. ಶರೀಫರು ವ್ಯಥೆಯನ್ನು ಸಾಧನೆಯ ಸಾಮಗ್ರಿಯಾಗಿ ಮಾಡಿಕೊಂಡರು. ಪದದ ಕೊನೆಗೆ ತನ್ನ ಹೆಸರಿರಬೇಕಾದ ಎಡೆಯಲ್ಲಿ ದೈವದ ಹೆಸರನ್ನು ಇಡುವಾಗ, ದುಃಖಪಡುವ ‘ನಾನು’ ಅಷ್ಟಷ್ಟಾಗಿ ಸಡಿಲಗೊಳ್ಳುತ್ತದೆ. ಪದಕಾರನಿಗೆ ದೊರೆಯುವ ಶಮನ ಇಂಥದು.

ಸಿ. ಅಶ್ವತ್ಥರ ಸ್ವರಸಂಯೋಜನೆ, 1990ರ ‘ಸಂತ ಶಿಶುನಾಳ ಶರೀಫ’ ಚಲನಚಿತ್ರಗಳ ಮೂಲಕ ಈ ಪದಗಳು ಮನೆಮನೆಯನ್ನು ತಲುಪಿವೆ. ಕೇಳುವ ಸೌಕರ್ಯ ಹೆಚ್ಚಿದಂತೆ ಕೂಡಿ ಹಾಡುವ ರೂಢಿ ಕುಗ್ಗಬಾರದು. ಶಿಶುವಿನಹಾಳದ ಅವರ ಗದ್ದುಗೆಗೆ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುತ್ತಾರೆ. ನಾಲ್ವರು ಕೂಡಿ ಅವರ ಒಂದು ಪದವನ್ನು ಹಾಡಿದರೆ, ಮನೆಯಲ್ಲಿಯೇ ಆ ಸನ್ನಿಧಿಯ ಫಲ ದೊರೆತಂತಾಗುವುದು.