ಮಳೆ ಸೊನ್ನೆಯೋ, ಮಾಹಿತಿಯೇ ಇಲ್ಲವೋ?

ನವಲಗುಂದ ತಾಲೂಕಿನ ಒಂದು ಮಳೆಮಾಪಕದ ಜುಲೈ ತಿಂಗಳ ಅಂಕಿಗಳನ್ನು ಕಂಪ್ಯೂಟರ್‌ನಲ್ಲಿ ಕೂಡಿಸಿದೆವು, ಉತ್ತರ 0 ಮಿ.ಮೀ. ಬಂತು ಎಂದುಕೊಳ್ಳೋಣ. ಆ ತಿಂಗಳು ಅಲ್ಲಿ ಮಳೆಯೇ ಆಗಲಿಲ್ಲವೇ? ಹಾಗೆ ತೀರ್ಮಾನಿಸುವ ಮೊದಲು ಮೂಲ ಕಡತವನ್ನು ತೆರೆದು ನೋಡಬೇಕು. ತಿಂಗಳಿನ ಎಲ್ಲ ಮನೆಗಳೂ ಖಾಲಿ ಇದ್ದರೂ ಬರುವ ಉತ್ತರ ಅದೇ 0!

ಹೀಗೇಕೆ ಆಗುತ್ತದೆ?

ಪೈಥಾನ್ ಭಾಷೆಯಲ್ಲಿ ದತ್ತಾಂಶ ವಿಶ್ಲೇಷಣೆಗೆ ಬಹಳ ಬಳಕೆಯಲ್ಲಿರುವ ಲೈಬ್ರರಿ ‘ಪಾಂಡಾಸ್’. ವೆಸ್ ಮೆಕಿನ್ನಿ ಇದನ್ನು 2008ರಲ್ಲಿ ಶುರು ಮಾಡಿದರು. ಖಾಲಿ ಮನೆಯನ್ನು ಪಾಂಡಾಸ್ ‘ನ್ಯಾನ್’, ಅಂದರೆ ‘ಸಂಖ್ಯೆಯಲ್ಲ’ ಎಂದು ಗುರುತಿಸುತ್ತದೆ. ಕೂಡಿಸುವ ‘ಸಮ್’ ಆದೇಶ ನ್ಯಾನ್‌ಗಳನ್ನು ಬಿಟ್ಟು ಉಳಿದದ್ದನ್ನು ಕೂಡಿಸುತ್ತದೆ. ಉಳಿದದ್ದು ಏನೂ ಇಲ್ಲದಿದ್ದರೆ? ಏನನ್ನೂ ಕೂಡಿಸದಿದ್ದರೆ ಮೊತ್ತ ಸೊನ್ನೆ ಎಂಬುದು ಗಣಿತದ ರೂಢಿ. 2017ರ ಕೊನೆಗೆ ಬಂದ 0.22 ಆವೃತ್ತಿಯಿಂದ ಪಾಂಡಾಸ್ ಇದನ್ನೇ ಪಾಲಿಸುತ್ತಿದೆ. ಗಣಿತಕ್ಕೆ ಇದು ಸರಿ, ಮಳೆಯ ಲೆಕ್ಕಕ್ಕೆ ತಪ್ಪು.

ಖಾಲಿ ಜಾಗಕ್ಕೆ ಸೊನ್ನೆ ತುಂಬಿದರೆ?

ಒಂದು ವಾರದ ಮಳೆ ಹೀಗಿದೆ ಎನ್ನೋಣ: 12, 0, 8, ಖಾಲಿ, ಖಾಲಿ, 20, 0. ಅಳತೆ ಸಿಕ್ಕ 5 ದಿನಗಳ ಸರಾಸರಿ 8 ಮಿ.ಮೀ. ಖಾಲಿ ಇರುವಲ್ಲಿ ಸೊನ್ನೆ ತುಂಬಿದರೆ ಅದು 5.7ಕ್ಕೆ ಇಳಿಯುತ್ತದೆ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇರಿಸಿದೆ. ಇಂಥ ಯಾವುದೇ ಯಂತ್ರವೂ ಸಿಡಿಲು, ನೆರೆ, ನೆಟ್‌ವರ್ಕ್ ತೊಂದರೆಯಿಂದ ನಿಲ್ಲಬಹುದು. ಅಂದರೆ ಬೆಣ್ಣೆಹಳ್ಳ ಉಕ್ಕಿ ಹರಿದ ದಿನದ ಅಳತೆಯೇ ಕಾಣೆಯಾಗಿರುವ ಸಾಧ್ಯತೆ ಉಂಟು! ಅಲ್ಲಿ ಸೊನ್ನೆ ಬರೆದರೆ ಅತಿವೃಷ್ಟಿಯ ದಿನ ಒಣದಿನವಾಗುತ್ತದೆ. ಎರೆಹೊಲದ ರೈತನಿಗೆ ಇದು ಸಣ್ಣ ವಿಷಯವಲ್ಲ. ಹವಾಮಾನ ಆಧಾರಿತ ಬೆಳೆವಿಮೆಯ ಪರಿಹಾರ ಮಳೆಯ ಅಂಕಿಗಳನ್ನೂ ಅವಲಂಬಿಸಿರುತ್ತದೆ.

ಸರಿಪಡಿಸುವುದು ಹೇಗೆ?

1. ಕಡತ ಓದಿಸುವಾಗಲೇ ‘ಮಾಹಿತಿ ಇಲ್ಲ’ ಎಂಬುದರ ಗುರುತನ್ನು ತಿಳಿಸಬೇಕು. ಕೆಲವು ಕಡತಗಳಲ್ಲಿ ಖಾಲಿ ಜಾಗದ ಬದಲು -999 ಇರುತ್ತದೆ. ಅದನ್ನು ‘ಎನ್ಎ_ವ್ಯಾಲ್ಯೂಸ್’ನಲ್ಲಿ ಕೊಡದಿದ್ದರೆ ಮಳೆಯ ಮೊತ್ತವೇ ಋಣಾತ್ಮಕವಾಗಬಹುದು.

2. ‘ಸಮ್’ ಜೊತೆಗೆ ‘ಮಿನ್_ಕೌಂಟ್’ ಬಳಸಬೇಕು. ತಿಂಗಳ ಮೊತ್ತಕ್ಕೆ 28 ಎಂದು ಕೊಟ್ಟರೆ, 28 ದಿನಗಳಿಗಿಂತ ಕಡಿಮೆ ಅಳತೆ ಇದ್ದಾಗ ಉತ್ತರ ನ್ಯಾನ್ ಆಗುತ್ತದೆ.

3. ಮೊತ್ತದ ಪಕ್ಕದಲ್ಲೇ ‘ಕೌಂಟ್’ ಆದೇಶದಿಂದ ಎಷ್ಟು ದಿನಗಳ ಅಳತೆ ಸಿಕ್ಕಿದೆ ಎಂಬುದನ್ನೂ ಬರೆಯಬೇಕು.

ಗ್ರಾಫ್‌ನಲ್ಲೂ ಎಚ್ಚರ

ಗ್ರಾಫ್ ಬರೆಯುವ ‘ಮ್ಯಾಟ್‌ಪ್ಲಾಟ್‌ಲಿಬ್’ ಲೈಬ್ರರಿಯ ಸ್ತಂಭಚಿತ್ರದಲ್ಲಿ ಸೊನ್ನೆಗೂ ಕಂಬವಿಲ್ಲ, ನ್ಯಾನ್‌ಗೂ ಕಂಬವಿಲ್ಲ. ನೋಡುವವರಿಗೆ ಎರಡೂ ಒಂದೇ. ರೇಖಾಚಿತ್ರದಲ್ಲಾದರೆ ನ್ಯಾನ್ ಇರುವಲ್ಲಿ ಗೆರೆ ತುಂಡಾಗುತ್ತದೆ. ಆದ್ದರಿಂದ ಸ್ತಂಭಚಿತ್ರದಲ್ಲಿ ಮಾಹಿತಿ ಇಲ್ಲದ ತಿಂಗಳಿಗೆ ಬೂದು ಪಟ್ಟಿ ಎಳೆದು ‘ಅಳತೆ ಇಲ್ಲ’ ಎಂದು ಬರೆಯುವುದು ಒಳ್ಳೆಯದು. ಮಲೆನಾಡಿನ ಅಂಚಿನ ಕಲಘಟಗಿಯನ್ನು ಬಯಲಿನ ಅಣ್ಣಿಗೇರಿಯೊಂದಿಗೆ ಹೋಲಿಸುವಾಗ ಇದು ಇನ್ನೂ ಮುಖ್ಯ. ಕಲಘಟಗಿಯಲ್ಲಿ ಮಳೆ ಸಹಜವಾಗಿಯೇ ಹೆಚ್ಚು. ಅಣ್ಣಿಗೇರಿಯ ಕೆಲವು ಅಳತೆಗಳು ಕಾಣೆಯಾಗಿದ್ದರೆ ಆ ಅಂತರ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಸೊನ್ನೆ ಎಂದರೆ ಅಳೆದು ನೋಡಿದೆವು, ಮಳೆ ಇರಲಿಲ್ಲ. ಖಾಲಿ ಎಂದರೆ ಅಳೆದೇ ಇಲ್ಲ. ಈ ವ್ಯತ್ಯಾಸವನ್ನು ಕಂಪ್ಯೂಟರ್ ತಾನಾಗಿ ಕಾಪಾಡುವುದಿಲ್ಲ, ನಾವೇ ಹೇಳಬೇಕು.