ಕಡಲು ದಾಟಿದ ಡಮಾಮಿ

ಬಾಗಲಕೋಟೆ, ಬಾದಾಮಿ, ಹುನಗುಂದಗಳ ಸೀಮೆಯು ವಿಜಾಪುರದ ಆಳಿಕೆಯಲ್ಲಿದ್ದಾಗ, ಮಹಮ್ಮದ ಆದಿಲಶಹನ ದರಬಾರಿನಲ್ಲಿ ಇಖ್ಲಾಸಖಾನನೆಂಬ ಹಬಶಿಯು ಮಂತ್ರಿಪದವಿಗೇರಿದ್ದನು. ಹಬಶಿಯೆಂದರೆ ಆಫ್ರಿಕದ ಅಬಿಸೀನಿಯದವನು. ಆ ಖಂಡದಿಂದ ಬಂದವರೆಲ್ಲರಿಗೂ ಅಂತಹ ಭಾಗ್ಯವೆಲ್ಲಿಯದು? ಪೋರ್ತುಗೀಜರು ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಸಹ್ಯಾದ್ರಿಯ ಕಾಡು ಹೊಕ್ಕರು. ಹಳಿಯಾಳ, ಯಲ್ಲಾಪುರ, ಅಂಕೋಲೆಗಳ ಸಿದ್ದಿಗಳಲ್ಲಿ ಬಹುಮಂದಿ ಅವರ ಸಂತತಿಯವರು.

ಮೂಲಭಾಷೆಯು ಅವರ ನಾಲಗೆಯಿಂದ ಅಳಿದುಹೋಯಿತು. ಈಗ ಕೊಂಕಣಿ, ಕನ್ನಡಗಳನ್ನಾಡುವರು. ಹಿಂದೂ, ಮುಸಲ್ಮಾನ, ಕ್ರೈಸ್ತರೆಂದು ಹಂಚಿಹೋಗಿರುವರು. ಆದರೂ ತೊಗಲು ಬಿಗಿದ ಡಮಾಮಿಯು ಮೊಳಗಿತೆಂದರೆ ಮೂರು ಮತದವರೂ ಕೂಡಿ ಹಾಡುತ್ತ ಹೆಜ್ಜೆಯಿಡುವರು. (ವಾದ್ಯದ ಹೆಸರು ಮಾತ್ರ ಪಾರಸಿಯ ‘ದಮಾಮಾ’ದಿಂದ ಬಂದುದೆಂದು ತೋರುತ್ತದೆ.)

ಇತ್ತ ಫ್ರೆಂಚರು ಪಶ್ಚಿಮ ಆಫ್ರಿಕದವರನ್ನು ಕರಿಬಿಯನ್ ಸಮುದ್ರದ ಹೈಟಿಗೆ ಒಯ್ದು ಕಬ್ಬಿನ ತೋಟಗಳಲ್ಲಿ ದುಡಿಸಿದರು. ಅಲ್ಲಿಯೂ ವಾದ್ಯವು ಉಳಿಯಿತು. ದಾಹೋಮೆಯ ಫೋನ್ ಭಾಷೆಯಲ್ಲಿ ‘ವೋಡುನ್’ ಎಂದರೆ ದೈವ. ಅದರಿಂದಲೇ ಅವರ ಧರ್ಮಕ್ಕೆ ‘ವೋಡೂ’ ಎಂಬ ಹೆಸರು. ಪಿತೃಗಳಿಗೂ ಅದರಲ್ಲಿ ಪೂಜೆಯುಂಟು. ಬಡಿತಕ್ಕೆ ಕುಣಿಯುವವರ ಮೈಮೇಲೆ ದೈವವು ಬರುವುದು; ನಮ್ಮ ಜಾತ್ರೆಗಳನ್ನು ಕಂಡವರಿಗೆ ಇದರಲ್ಲಿ ಅಚ್ಚರಿಯೇನು? ಚಲಚ್ಚಿತ್ರಗಳು ಇದನ್ನು ಬರಿಯ ಮಾಟವೆಂದು ತೋರಿಸುವುದು ಅನ್ಯಾಯ. ಆ ಗುಲಾಮರೇ 1791ರಲ್ಲಿ ದಂಗೆಯೆದ್ದು 1804ರಲ್ಲಿ ಸ್ವತಂತ್ರ ರಾಷ್ಟ್ರವನ್ನು ಕಟ್ಟಿದರು.

ನಮ್ಮ ಸಿದ್ದಿಗಳ ಮೂಲವು ಬಹುಮಟ್ಟಿಗೆ ಪೂರ್ವ ಆಫ್ರಿಕವಾದುದರಿಂದ ಎರಡನ್ನೂ ಒಂದೆನ್ನಲಾಗದು. ಆದರೆ ಗತಿಸಿದ ‘ಹಿರಿಯರ’ ಪೂಜೆ ಇವರಲ್ಲಿಯೂ ಉಂಟು. ಯಲ್ಲಾಪುರದ ಕಾಡಿನ ‘ಸಿದ್ದಿ ನಾಸ’ದ ಸನ್ನಿಧಿಗೆ ಮೂರು ಮತದವರೂ ಬರುವರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಆದರೂ ತಮ್ಮದೇ ನಾಡಿನ ಪೇಟೆಯಲ್ಲಿ, ಅಚ್ಚಗನ್ನಡದಲ್ಲಿ ಮಾತನಾಡುತ್ತಿರುವಾಗಲೇ, “ನೀವು ಯಾವ ದೇಶದವರು?” ಎಂದು ಕೇಳಿಸಿಕೊಳ್ಳುವುದು ಅವರಿಗೆ ಇನ್ನೂ ತಪ್ಪಿಲ್ಲ.